ಹಾರ್ಡ್ ಡಿಸ್ಕಿನ ಅರಿಷ್ಟ ಲಕ್ಷಣಗಳು

ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಸುಳಿವು ಕೊಡುತ್ತದೆಯೇ ಎಂಬುದು ಎಂಜಿನಿಯರುಗಳ ಪ್ರಶ್ನೆ. ಕೊಡುತ್ತದೆ ಎಂದೇ ಇಟ್ಟುಕೊಂಡರೂ, ಇನ್ನೂ ಆಗದಿರುವ ಕೇಡನ್ನು ಆ ಸುಳಿವಿನ ಬಲದಿಂದ ತಿಳಿದಂತಾಯಿತೇ, ಇಲ್ಲ ಬರೀ ಊಹಿಸಿದಂತಾಯಿತೇ ಎಂಬುದು ಪ್ರಮಾಣಶಾಸ್ತ್ರದ ಪ್ರಶ್ನೆ. ಈ ಎರಡನೆಯದನ್ನು ಭಾರತದ ತಾರ್ಕಿಕರೂ ವೈದ್ಯರೂ ಸಾವಿರ ವರ್ಷಕ್ಕೂ ಮಿಕ್ಕಿ ಚರ್ಚಿಸಿದ್ದಾರೆ. ಅವರ ಮುಂದಿದ್ದ ಸಾಮಗ್ರಿ ಹೊಗೆ, ಮೋಡ, ಹೊಳೆಯ ನೆರೆ, ರೋಗಿಯ ಮುಖ. ಇಂದಿನ ದತ್ತಾಂಶ ಕೇಂದ್ರಗಳಲ್ಲಿ ಲಕ್ಷಗಟ್ಟಲೆ ಡಿಸ್ಕುಗಳ ದಿನದಿನದ ದಾಖಲೆಯೇ ಇದೆ: ಯಾವುದು ಎಂದು ಯಾವ ಲಕ್ಷಣ ತೋರಿತು, ಯಾವುದು ಎಂದು ನಿಂತಿತು, ಎಲ್ಲವೂ. ಹಳೆಯ ವಾದಗಳನ್ನು ಒರೆಗೆ ಹಚ್ಚಿ ನೋಡಲು ಇಷ್ಟು ಅನುಕೂಲವಾದ ವಸ್ತು ಸಿಗುವುದು ಅಪರೂಪ.

ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತಿನಂತೆ ತಿರುಗುತ್ತವೆ. ಓದುವ ಬರೆಯುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮಾಹಿತಿ ಕೂತಿರುವುದು 512 ಅಥವಾ 4096 ಬೈಟುಗಳ ಸೆಕ್ಟರುಗಳಲ್ಲಿ. ಸಣ್ಣಪುಟ್ಟ ತಪ್ಪುಗಳನ್ನು ತಾನೇ ಸರಿಪಡಿಸಿಕೊಳ್ಳಲೆಂದು ಪ್ರತಿ ಸೆಕ್ಟರಿನ ಜೊತೆಗೂ ಒಂದು ಸಂಕೇತ ಇರುತ್ತದೆ. ಆ ಸಂಕೇತದ ಸಹಾಯದಿಂದಲೂ ಓದಲಾಗದ ಸೆಕ್ಟರನ್ನು ಡಿಸ್ಕು ‘ಪೆಂಡಿಂಗ್’ ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಅಲ್ಲಿಗೇ ಬರೆಯುವ ಸಂದರ್ಭ ಬಂದಾಗ ಜಾಗ ನಿಜಕ್ಕೂ ಹಾಳಾಗಿದೆಯೆಂದು ತಿಳಿದರೆ, ಮೀಸಲಿಟ್ಟ ಸೆಕ್ಟರುಗಳಲ್ಲಿ ಒಂದನ್ನು ಅದರ ಬದಲಿಗೆ ಕೊಟ್ಟು, ಬದಲಿಸಿದವುಗಳ ಲೆಕ್ಕವನ್ನು ಒಂದು ಏರಿಸುತ್ತದೆ. ಹೊಸ ಡಿಸ್ಕಿನಲ್ಲೂ ದೋಷವಿರುವ ಜಾಗಗಳು ಇದ್ದೇ ಇರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಪಟ್ಟಿಮಾಡಿ ಬದಿಗಿಟ್ಟಿರುವುದರಿಂದ ಈ ಲೆಕ್ಕಕ್ಕೆ ಸೇರುವುದು ಬಳಕೆಗೆ ಬಂದ ಮೇಲೆ ಹಾಳಾದವು ಮಾತ್ರ.

ಇಂಥ ಲೆಕ್ಕಗಳ ಆಧಾರದಿಂದ ಡಿಸ್ಕೇ ಮುನ್ಸೂಚನೆ ಕೊಡುವ ಏರ್ಪಾಡನ್ನು ಐಬಿಎಂ 1992ರಲ್ಲಿ ತಂದಿತು. ಬಳಿಕ ಕಾಂಪ್ಯಾಕ್ ಕಂಪನಿ ಡಿಸ್ಕ್ ತಯಾರಕರೊಡನೆ ಸೇರಿ ಇಂಟೆಲಿಸೇಫ್ ಎಂಬ ಪದ್ಧತಿಯನ್ನು ರೂಪಿಸಿ 1995ರಲ್ಲಿ ಮಾನಕ ಸಮಿತಿಯ ಮುಂದಿಟ್ಟಿತು. ಅದರಿಂದ ಬೆಳೆದದ್ದೇ ಇಂದಿನ ‘ಸ್ಮಾರ್ಟ್’. ವರದಿಯ ಪ್ರತಿ ಸಾಲಿಗೂ ಒಂದು ಸಂಖ್ಯೆಯ ಹೆಸರಿದೆ: ಬದಲಿಸಿದ ಸೆಕ್ಟರುಗಳಿಗೆ 5, ಪೆಂಡಿಂಗ್ ಸೆಕ್ಟರುಗಳಿಗೆ 197, ಹೀಗೆ. ಸಾಲಿನಲ್ಲಿ ಡಿಸ್ಕು ಎಣಿಸಿದ ಕಚ್ಚಾ ಅಂಕಿ ಒಂದು, ಅದನ್ನು ತಯಾರಕರು ತಮ್ಮ ಸೂತ್ರದಂತೆ ಇಳಿಸಿ ಕೊಟ್ಟ ಅಂಕ ಇನ್ನೊಂದು. ಸಾಮಾನ್ಯವಾಗಿ 100 ಅಥವಾ 200ರಿಂದ ಶುರುವಾಗಿ ಕೆಳಗಿಳಿಯುವ ಈ ಅಂಕ ತಯಾರಕರೇ ಗೊತ್ತುಪಡಿಸಿದ ಗಡಿಯನ್ನು ಮುಟ್ಟಿದರೆ ಡಿಸ್ಕು ತಾನು ಕೆಡಲಿದ್ದೇನೆ ಎಂದು ಸಾರುತ್ತದೆ. ಇವನ್ನೆಲ್ಲ ಓದಲು ಹೆಚ್ಚು ಬಳಕೆಯಲ್ಲಿರುವ ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶವನ್ನು 2002ರಲ್ಲಿ ಆರಂಭಿಸಿದ ಬ್ರೂಸ್ ಅಲನ್ ವೃತ್ತಿಯಲ್ಲಿ ಗುರುತ್ವ ಅಲೆಗಳ ಸಂಶೋಧಕ. ದೂರದ ತಾರೆಗಳ ಅತಿ ಕ್ಷೀಣ ಕುರುಹುಗಳನ್ನು ಹುಡುಕುವವರೇ ತಮ್ಮ ಕಂಪ್ಯೂಟರುಗಳ ಕುರುಹುಗಳಿಗೂ ಕಿವಿಗೊಟ್ಟದ್ದು ಆಶ್ಚರ್ಯವೇನಲ್ಲ.

ಬರಲಿರುವ ನಾಶವನ್ನು ಸಾರುವ ಲಕ್ಷಣಕ್ಕೆ ಆಯುರ್ವೇದದಲ್ಲಿ ಅರಿಷ್ಟ ಎಂದು ಹೆಸರು. ಚರಕಸಂಹಿತೆಯ ಇಂದ್ರಿಯಸ್ಥಾನ ಇಡಿಯಾಗಿ ಮೀಸಲಾಗಿರುವುದು ಇದಕ್ಕೇ. ಅದರ ಹನ್ನೆರಡು ಅಧ್ಯಾಯಗಳು ಬಣ್ಣ, ಸ್ವರ, ವಾಸನೆ, ಕನಸು, ನೆರಳುಗಳಲ್ಲಿ ಸಾವಿನ ಮುನ್ಸೂಚನೆ ಹೇಗೆ ಕಾಣುತ್ತದೆಂದು ವಿವರಿಸುತ್ತವೆ. ಹೂವು ಹಣ್ಣನ್ನು ಸೂಚಿಸುವಂತೆ ಅರಿಷ್ಟ ಸಾವನ್ನು ಸೂಚಿಸುತ್ತದೆ ಎಂದು ಹೇಳಿದ ಚರಕ ಕೂಡಲೇ ಆ ಹೋಲಿಕೆಯನ್ನೇ ತಿದ್ದುತ್ತಾನೆ. ಹಣ್ಣಾಗದ ಹೂವುಂಟು, ಹೂವಿಲ್ಲದೆ ಆಗುವ ಹಣ್ಣೂ ಉಂಟು. ಆದರೆ ಸಾವು ತರದ ಅರಿಷ್ಟವೂ ಇಲ್ಲ, ಅರಿಷ್ಟ ಮುಂದಾಗಿ ಬಾರದ ಸಾವೂ ಇಲ್ಲ. ತರ್ಕದ ಮಾತಿನಲ್ಲಿ ಇದು ಎರಡೂ ಕಡೆಯಿಂದ ಬಿಗಿದ ವ್ಯಾಪ್ತಿ, ಅಂದರೆ ಎಂದೂ ತಪ್ಪದ ನಂಟು. ಸುಶ್ರುತನಿಗೆ ಇಷ್ಟು ಬಿಗಿ ಬೇಕಿರಲಿಲ್ಲ: ಅರಿಷ್ಟ ಕಂಡರೆ ಸಾವು ನಿಶ್ಚಿತ ಎಂದರೂ, ರಸಾಯನ, ತಪಸ್ಸು, ಜಪಗಳಲ್ಲಿ ನಿರತರಾದ ಶುದ್ಧರು ಅದನ್ನು ತಡೆಯಬಲ್ಲರೆಂದು ಒಂದು ಬಾಗಿಲು ತೆರೆದಿಟ್ಟಿದ್ದಾನೆ. ಅರಿಷ್ಟ ಕಂಡ ವೈದ್ಯ ಕೇಳದೆ ಅದನ್ನು ಹೇಳಬಾರದು, ಹೇಳಿದರೆ ರೋಗಿಗೋ ಮತ್ತೊಬ್ಬರಿಗೋ ಪೆಟ್ಟಾಗುವಂತಿದ್ದರೆ ಕೇಳಿದರೂ ಹೇಳಬಾರದು ಎಂಬ ನಿಯಮವೂ ಚರಕದಲ್ಲಿದೆ. ಡಿಸ್ಕುಗಳ ಮೇಲೆ ಕಣ್ಣಿಟ್ಟಿರುವ ತಂತ್ರಾಂಶಕ್ಕೆ ಆ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ನಡುರಾತ್ರಿಯಲ್ಲೇ ಇಮೇಲ್ ಕಳಿಸುತ್ತದೆ.

ಚರಕನ ಎರಡೂ ಮಾತುಗಳನ್ನು ಡಿಸ್ಕುಗಳ ಮಟ್ಟಿಗೆ ಪರೀಕ್ಷಿಸಬಹುದು. 2007ರಲ್ಲಿ ಗೂಗಲ್‌ನ ಮೂವರು ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು. ಲಕ್ಷಣಕ್ಕೆ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಡ. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಅತ್ಯಂತ ಬಲವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆ ಕೆಟ್ಟಿದ್ದವು. ಉಷ್ಣತೆಯೊಂದನ್ನು ಬಿಟ್ಟು ಉಳಿದೆಲ್ಲ ಲಕ್ಷಣಗಳನ್ನು ಸೇರಿಸಿಕೊಂಡರೂ ಶೇ. 36ಕ್ಕೂ ಹೆಚ್ಚು ಡಿಸ್ಕುಗಳದ್ದು ಅರಿಷ್ಟವಿಲ್ಲದ ಸಾವು. ಕ್ಲೌಡ್‌ನಲ್ಲಿ ಮಾಹಿತಿ ಇಟ್ಟುಕೊಡುವ ಬ್ಯಾಕ್‌ಬ್ಲೇಜ್ ಕಂಪನಿ 2016ರಲ್ಲಿ ಐದು ಲಕ್ಷಣಗಳ ಲೆಕ್ಕ ಕೊಟ್ಟಿತು. ಕೆಟ್ಟ ಡಿಸ್ಕುಗಳಲ್ಲಿ ಶೇ. 76.7ರಷ್ಟು ಇವುಗಳಲ್ಲಿ ಒಂದನ್ನಾದರೂ ತೋರಿದ್ದವು; ಆರೋಗ್ಯವಾಗಿ ಓಡುತ್ತಿದ್ದವುಗಳಲ್ಲೂ ಶೇ. 4.2ರಷ್ಟು ತೋರಿದ್ದವು.

ಶೇ. 4.2 ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ, ಆದರೆ ಹಾಗಿಲ್ಲ. ಸಾವಿರ ಡಿಸ್ಕುಗಳಲ್ಲಿ ವರ್ಷಕ್ಕೆ ಇಪ್ಪತ್ತು ಕೆಡುತ್ತವೆ ಎಂದಿಟ್ಟುಕೊಂಡರೆ, ಅವುಗಳಲ್ಲಿ ಲಕ್ಷಣ ತೋರುವವು ಸುಮಾರು ಹದಿನೈದು. ಕೆಡದ 980ರಲ್ಲಿ ಲಕ್ಷಣ ತೋರುವವು ನಲವತ್ತೊಂದು. ಅಂದರೆ ಲಕ್ಷಣ ತೋರಿದ ಐವತ್ತಾರರಲ್ಲಿ ನಿಜಕ್ಕೂ ಕೆಡುವವು ನಾಲ್ಕರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸಾಧ್ಯ, ಅಂದರೆ ಸಾಧಿಸಬೇಕಾದದ್ದು, ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಹೇತುವನ್ನು (ಕುರುಹನ್ನು) ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಸವ್ಯಭಿಚಾರ ಎಂದು ಕರೆದು ಹೇತ್ವಾಭಾಸಗಳ, ಅಂದರೆ ಹುಸಿ ಹೇತುಗಳ, ಪಟ್ಟಿಗೆ ಸೇರಿಸಿದರು. ಅವರ ಅಳತೆಯಲ್ಲಿ ‘ಈ ಡಿಸ್ಕು ಕೆಡುತ್ತದೆ, ಏಕೆಂದರೆ ಇದರಲ್ಲಿ ಬದಲಿಸಿದ ಸೆಕ್ಟರುಗಳಿವೆ’ ಎಂಬುದು ಅನುಮಾನವೇ, ಅಂದರೆ ಹೇತುವಿನಿಂದ ತಿಳಿದದ್ದೇ, ಆಗುವುದಿಲ್ಲ.

ಚರಕನ ಬಳಿ ಇದಕ್ಕೊಂದು ಉತ್ತರ ಸಿದ್ಧವಿತ್ತು. ಅರಿಷ್ಟ ಸುಳ್ಳಾಯಿತು ಎಂದು ತೋರಿದರೆ ಅದು ಅರಿಷ್ಟವಾಗಿರಲಿಲ್ಲ, ಅರಿಷ್ಟದಂತೆ ಕಂಡಿತ್ತು; ಅರಿಷ್ಟವಿಲ್ಲದೆ ಸಾವು ಬಂತೆಂದರೆ ವೈದ್ಯನಿಗೆ ಅದನ್ನು ಗುರುತಿಸಲು ತಿಳಿಯಲಿಲ್ಲ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲೂ ಇದೇ ಜಾಡಿನ ಚರ್ಚೆಯೊಂದಿದೆ. ಹೊಳೆ ಉಕ್ಕಿದ್ದು ಮೇಲೆ ಮಳೆಯಾಗಿದ್ದರಿಂದಲೇ ಎಂದು ಹೇಗೆ ಹೇಳುವುದು, ಕೆಳಗೆ ಯಾರೋ ಕಟ್ಟೆ ಕಟ್ಟಿರಬಹುದಲ್ಲ. ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದು ಮಳೆ ಬರಲಿರುವುದರಿಂದಲೇ ಎಂದು ಹೇಗೆ, ಗೂಡು ಕೆದಕಿ ಹಾಳಾಗಿರಬಹುದಲ್ಲ ಎಂಬುದು ಆಕ್ಷೇಪ. ಕಟ್ಟೆಯಿಂದ ಏರಿದ ನೀರೇ ಬೇರೆ, ನೊರೆ, ಎಲೆ, ಕಟ್ಟಿಗೆ ಹೊತ್ತು ರಭಸದಿಂದ ಬರುವ ನೆರೆಯೇ ಬೇರೆ; ತಪ್ಪು ಅನುಮಾನದ್ದಲ್ಲ, ಕುರುಹಲ್ಲದ್ದನ್ನು ಕುರುಹೆಂದು ಹಿಡಿದವನದು ಎಂಬುದು ಸಮಾಧಾನ. ಈ ಎರಡು ಉತ್ತರಗಳು ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅಲ್ಲ. ನೊರೆ ಮತ್ತು ಎಲೆಗಳನ್ನು ಮಳೆಯ ಸುದ್ದಿ ಬರುವ ಮೊದಲೇ ನೋಡಬಹುದು. ಚರಕನ ನಿಜ ಅರಿಷ್ಟ ಯಾವುದು, ಹುಸಿ ಯಾವುದು ಎಂದು ಗೊತ್ತಾಗುವುದು ರೋಗಿ ಸತ್ತ ಅಥವಾ ಬದುಕಿದ ಮೇಲೆ. ಯಾವ ದಾಖಲೆಯಿಂದಲೂ ಸುಳ್ಳಾಗದ ವ್ಯಾಪ್ತಿ ಯಾವ ಕೆಲಸಕ್ಕೂ ಬಾರದು.

ನ್ಯಾಯಸೂತ್ರದ ಸಮಾಧಾನವಾದರೋ ಡಿಸ್ಕಿನ ವಿಷಯದಲ್ಲಿ ದಿನನಿತ್ಯ ಉಪಯೋಗಕ್ಕೆ ಬರುವಂಥದ್ದು. ಸ್ಮಾರ್ಟ್ ವರದಿಯ 199ನೆಯ ಸಾಲು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳನ್ನು ಎಣಿಸುತ್ತದೆ. ಈ ಅಂಕಿ ಏರಿದರೆ ದೋಷ ಬಹುಮಟ್ಟಿಗೆ ಕೇಬಲ್ಲಿನದು ಅಥವಾ ಅದರ ಜೋಡಣೆಯದು. ಕೇಬಲ್ ಬದಲಿಸಿದರೆ ಏರಿಕೆ ನಿಲ್ಲುತ್ತದೆ. ವರದಿ ಡಿಸ್ಕಿನದಾದರೂ ಕುರುಹು ಡಿಸ್ಕಿನದಲ್ಲ. ಸೀಗೇಟ್ ಡಿಸ್ಕುಗಳಲ್ಲಿ ಓದಿನ ತಪ್ಪುಗಳಿಗೆ ಮೀಸಲಾದ ಒಂದನೆಯ ಸಾಲಿನ ಕಚ್ಚಾ ಅಂಕಿ ಕೋಟಿಗಳಲ್ಲಿರುವುದನ್ನು ಕಂಡು ಬೆಚ್ಚುವವರಿದ್ದಾರೆ; ಅದರಲ್ಲಿ ಓದಿದ ಸಲಗಳ ಎಣಿಕೆಯೂ ಸೇರಿರುವುದರಿಂದ ಹೊಸ ಡಿಸ್ಕಿನಲ್ಲೂ ಅದು ದೊಡ್ಡದಾಗಿಯೇ ಇರುತ್ತದೆ. ಬಿಸಿಯಾದ ಡಿಸ್ಕು ಬೇಗ ಕೆಡುತ್ತದೆ ಎಂಬ ನಂಬಿಕೆಯಂತೂ ಯಾರೂ ಪರೀಕ್ಷಿಸದೆ ಒಪ್ಪಿಕೊಂಡ ವ್ಯಾಪ್ತಿಯಾಗಿತ್ತು. ಗೂಗಲ್‌ನ ಡಿಸ್ಕುಗಳಲ್ಲಿ ಕಡಿಮೆ ಉಷ್ಣತೆಯಲ್ಲಿದ್ದವೇ ಹೆಚ್ಚು ಕೆಟ್ಟಿದ್ದವು; ತೀರ ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ ಈ ಒಲವು ತುಸು ತಿರುಗಿತ್ತು.

ಇವೆಲ್ಲಕ್ಕಿಂತ ಆಳವಾದ ತೊಡಕು ಒಂದಿದೆ. ‘ಕೆಟ್ಟಿತು’ ಎಂದರೆ ಏನು? ಗೂಗಲ್‌ನ ಅಧ್ಯಯನದಲ್ಲಿ, ದುರಸ್ತಿಯ ಅಂಗವಾಗಿ ತೆಗೆದು ಬದಲಿಸಿದ ಡಿಸ್ಕು ಕೆಟ್ಟ ಡಿಸ್ಕು. ಬ್ಯಾಕ್‌ಬ್ಲೇಜ್‌ನಲ್ಲಿ ತಿರುಗದೆ ನಿಂತದ್ದು, ಗುಂಪಿನ ಇತರ ಡಿಸ್ಕುಗಳೊಡನೆ ಹೊಂದಿಕೊಳ್ಳಲಾರದ್ದು ಮಾತ್ರವಲ್ಲದೆ, ಸ್ಮಾರ್ಟ್ ಅಂಕಿಗಳು ಮಿತಿ ಮೀರಿದ್ದರಿಂದ ಮುಂಚಿತವಾಗಿ ತೆಗೆದದ್ದೂ ಕೆಟ್ಟದ್ದರ ಲೆಕ್ಕಕ್ಕೆ ಸೇರುತ್ತದೆ. ಲಕ್ಷಣ ಕಂಡದ್ದಕ್ಕಾಗಿ ತೆಗೆದು, ತೆಗೆದದ್ದನ್ನು ಕೆಟ್ಟಿತೆಂದು ಬರೆದು, ಕೆಟ್ಟವುಗಳಲ್ಲಿ ಲಕ್ಷಣವಿತ್ತೆಂದು ತೋರಿಸಿದರೆ ತಾರ್ಕಿಕರು ಅದನ್ನು ಅನ್ಯೋನ್ಯಾಶ್ರಯ ಎನ್ನುತ್ತಾರೆ. ಶೇ. 76.7ರಲ್ಲಿ ಎಷ್ಟು ಪಾಲು ಹೀಗೆ ಬಂದದ್ದೆಂದು ಆ ಅಂಕಿಯೊಂದನ್ನೇ ನೋಡಿ ಬಿಡಿಸಲಾಗದು. ಕಂಪನಿಯನ್ನು ದೂರಿ ಫಲವಿಲ್ಲ. ಗಿರಾಕಿಗಳ ಮಾಹಿತಿ ಹೊತ್ತ ಡಿಸ್ಕು ನಿಜವಾಗಿ ಸಾಯುತ್ತದೋ ಇಲ್ಲವೋ ಎಂದು ಪ್ರಯೋಗಕ್ಕೋಸ್ಕರ ಕಾಯುತ್ತ ಕೂರಲು ಯಾರಿಗೂ ಬರುವುದಿಲ್ಲ. ತಡೆಗಟ್ಟಿದ ಕೇಡು ಬರುತ್ತಿತ್ತೇ ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಸುಳಿವಿನಿಂದ ತಿಳಿಯುವುದರಲ್ಲಿ ಎರಡು ದಾರಿಗಳಿವೆ ಎಂಬುದನ್ನು ನೈಯಾಯಿಕರು ಮೊದಲೇ ಗುರುತಿಸಿದ್ದರು. ಮೋಡ ಕಂಡು ಬರಲಿರುವ ಮಳೆಯನ್ನು ಹೇಳುವುದು ಪೂರ್ವವತ್. ನೆರೆ ಕಂಡು ಆಗಿಹೋದ ಮಳೆಯನ್ನು ಹೇಳುವುದು ಶೇಷವತ್. ಬದಲಿಸಿದ ಸೆಕ್ಟರಿನ ಲೆಕ್ಕ ಎರಡಕ್ಕೂ ಹೇತುವಾಗುತ್ತದೆ. ತಟ್ಟೆಯ ಮೇಲೆ ಅಷ್ಟು ಜಾಗ ಹಾಳಾಗಿದೆ ಎಂಬುದು ಶೇಷವತ್, ಅದರಲ್ಲಿ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ಇನ್ನಷ್ಟು ಹಾಳಾಗಲಿದೆ ಎಂಬುದು ಪೂರ್ವವತ್. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ಎರಡನೆಯದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿದ. ಕಾರ್ಯದಿಂದ ಕಾರಣವನ್ನು ಅನುಮಾನಿಸಬಹುದು, ಕಾರಣದಿಂದ ಕಾರ್ಯವನ್ನಲ್ಲ. ಏಕೆಂದರೆ ನಡುವೆ ಅಡ್ಡಿಯೊಂದು ಬಂದು ಕಾರ್ಯ ಹುಟ್ಟದೆ ಹೋಗಬಹುದು. ಕಾರಣಸಾಮಗ್ರಿ ಪೂರ್ತಿ ನೆರೆದಿದ್ದರೂ ಅನುಮಾನಿಸಬಹುದಾದದ್ದು ಕಾರ್ಯವನ್ನು ಹುಟ್ಟಿಸುವ ಯೋಗ್ಯತೆಯನ್ನು ಮಾತ್ರ. ಸ್ಮಾರ್ಟ್ ವರದಿಗೆ ಇದಕ್ಕಿಂತ ನಿಖರವಾದ ವಿವರಣೆ ಕೊಡುವುದು ಕಷ್ಟ. ಹತ್ತು ಸೆಕ್ಟರು ಕಳೆದುಕೊಂಡು ಆಮೇಲೆ ವರ್ಷಗಟ್ಟಲೆ ಏನೂ ಆಗದೆ ಓಡಿದ ಡಿಸ್ಕುಗಳು ಧರ್ಮಕೀರ್ತಿಗೆ ಸಮಸ್ಯೆಯಲ್ಲ. ಅವು ಕೆಡಲು ಯೋಗ್ಯವಾಗಿದ್ದವು, ಕೆಡಲಿಲ್ಲ.

ಕುರುಹು ಇರುವುದು ಇಂದು, ಕೇಡು ಆಗುವುದು ಮುಂದೆ. ಇವು ಒಂದೇ ಕಡೆ ಕೂಡಿರದಿದ್ದರೆ ಅನುಮಾನ ಹೇಗೆ ಎಂಬ ಆಕ್ಷೇಪಕ್ಕೆ ದ್ವೈತಿಗಳ ಉತ್ತರ ಸರಳ. ಹದಿನಾಲ್ಕನೆಯ ಶತಮಾನದಲ್ಲಿ ಮಳಖೇಡದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಮಧ್ವರ ಮತವನ್ನು ನಿರೂಪಿಸುತ್ತ, ಹೇತುವೂ ಸಾಧ್ಯವೂ ಒಂದೇ ತಾಣದಲ್ಲಿರಬೇಕೆಂಬ ನಿರ್ಬಂಧವನ್ನು ಬಿಡುತ್ತಾರೆ. ಹೇತು ತನಗೆ ಉಚಿತವಾದ ಕಡೆ ಇದ್ದರೆ ಸಾಕು. ಕೆಳಗಿನ ಹೊಳೆಯ ನೆರೆ ಮೇಲಿನ ಮಳೆಯನ್ನು ತಿಳಿಸುವುದು ಹೀಗೆಯೇ.

ಲಕ್ಷಣ ಕಾಣದಿರುವುದು ಆರೋಗ್ಯದ ಪ್ರಮಾಣವಾದೀತೇ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪುತ್ತಾರೆ, ಒಂದು ಷರತ್ತಿನ ಮೇಲೆ: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆಂದು ತಿಳಿದಂತೆ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಸೆಕ್ಟರುಗಳ ಸವೆತ ಸ್ಮಾರ್ಟ್‌ಗೆ ಕಾಣುತ್ತದೆ. ಸರ್ಕ್ಯೂಟ್ ಬೋರ್ಡಿನ ಬಿಡಿಭಾಗವೊಂದು ಸುಟ್ಟುಹೋಗುವುದು, ಫರ್ಮ್‌ವೇರ್‌ನ ದೋಷ, ಹಠಾತ್ತನೆ ಹೆಡ್ ತಟ್ಟೆಗೆ ಬಡಿಯುವುದು ಅದಕ್ಕೆ ಮುಂಚಿತವಾಗಿ ಕಾಣುವ ಸಂಗತಿಗಳಲ್ಲ. ಆದ್ದರಿಂದ ‘ಪಾಸ್’ ಎಂಬ ವರದಿ ಹೇಳುವುದು ಕೆಲವು ಬಗೆಯ ರೋಗ ಸದ್ಯಕ್ಕಿಲ್ಲ ಎಂಬಷ್ಟನ್ನೇ. ಗೂಗಲ್‌ನ ಶೇ. 36 ಈ ಕತ್ತಲೆಯ ಅಳತೆ.

‘39 ಪಟ್ಟು’ ಎಂಬುದು ಯಾರ ಗುಣ ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಜರ್ಮನ್ ಭಾಷೆಯಲ್ಲಿ 1928ರಲ್ಲಿ ಬಂದ ತನ್ನ ಗ್ರಂಥದಲ್ಲಿ ರಿಚರ್ಡ್ ಫಾನ್ ಮೀಸಸ್, ಸಂಭವನೀಯತೆ ಗುಂಪಿಗೆ ಸೇರಿದ್ದು, ಒಬ್ಬ ವ್ಯಕ್ತಿಯ ಸಾವಿನ ಸಂಭವನೀಯತೆ ಎಂಬ ಮಾತಿಗೆ ಅರ್ಥವೇ ಇಲ್ಲ ಎಂದು ವಾದಿಸಿದ. ಅವನ ಪ್ರಕಾರ ಮೇಜಿನ ಮೇಲಿರುವ ಈ ಒಂದು ಡಿಸ್ಕಿನ ಬಗ್ಗೆ ಗೂಗಲ್‌ನ ಅಂಕಿ ಏನನ್ನೂ ಹೇಳುವುದಿಲ್ಲ. 1950ರ ದಶಕದಲ್ಲಿ ಕಾರ್ಲ್ ಪಾಪ್ಪರ್ ಸಂಭವನೀಯತೆಯನ್ನು ಒಂದೊಂದು ಸನ್ನಿವೇಶದಲ್ಲೇ ಅಡಗಿರುವ ಒಲವು ಎಂದು ಕರೆದ. ಇದು ಧರ್ಮಕೀರ್ತಿಯ ಯೋಗ್ಯತೆಗೆ ಹತ್ತಿರ ಬರುತ್ತದೆ, ಆದರೂ ಒಬ್ಬನದು ಅಳೆಯಬಹುದಾದ ಮೊತ್ತ, ಇನ್ನೊಬ್ಬನದು ಸ್ವಭಾವ. ಗುಂಪನ್ನು ಆರಿಸುವುದರಲ್ಲೂ ಗೊಂದಲವಿದೆ. ಒಂದೇ ಡಿಸ್ಕು ‘ನಾಲ್ಕು ವರ್ಷ ಹಳೆಯವು’, ‘ಇಂಥ ಮಾದರಿಯವು’, ‘ಎರಡು ಸೆಕ್ಟರು ಕಳೆದುಕೊಂಡವು’ ಎಂಬ ಮೂರು ಗುಂಪುಗಳಿಗೂ ಸೇರಿ ಮೂರು ಬೇರೆ ಬೇರೆ ಅಂಕಿಗಳನ್ನು ಪಡೆಯುತ್ತದೆ. ಒಂದು ಹೊಗೆ ಕಂಡರೆ ಹೊಗೆತನದ ಮೂಲಕ ಎಲ್ಲ ಹೊಗೆಯೂ ತಿಳಿದಂತೆ ಎನ್ನುವ ನೈಯಾಯಿಕನಿಗೆ ಡಿಸ್ಕುಗಳು ಸಹಕರಿಸುವುದಿಲ್ಲ. ಒಂದು ಮಾದರಿಯ ಲಕ್ಷಣ ಇನ್ನೊಂದರಲ್ಲಿ ಏನನ್ನೂ ಸೂಚಿಸದಿರಬಹುದು.

ತಯಾರಕರ ಗಡಿಯಂತೂ ಜ್ಞಾನದ ಗಡಿಯೇ ಅಲ್ಲ. 2002ರಲ್ಲಿ ಪ್ರಕಟವಾದ ಹ್ಯೂಸ್ ಮತ್ತು ಸಂಗಡಿಗರ ಸಂಶೋಧನೆ ಉಲ್ಲೇಖಿಸುವಂತೆ, ತಯಾರಕರ ಎಚ್ಚರಿಕೆಗಳು ಹಿಡಿಯುತ್ತಿದ್ದದ್ದು ಕೆಡುವ ಡಿಸ್ಕುಗಳಲ್ಲಿ ಶೇ. 3ರಿಂದ 10ರಷ್ಟನ್ನು ಮಾತ್ರ. ಹುಸಿ ಎಚ್ಚರಿಕೆ ವರ್ಷಕ್ಕೆ ಶೇ. 0.1ರಷ್ಟಿತ್ತು. ಗಡಿಯನ್ನು ಅಷ್ಟು ಕೆಳಗಿಟ್ಟದ್ದಕ್ಕೆ ಕಾರಣ ಭೌತಶಾಸ್ತ್ರದಲ್ಲಿಲ್ಲ. ಚೆನ್ನಾಗಿರುವ ಡಿಸ್ಕು ವಾರಂಟಿಯಲ್ಲಿ ವಾಪಸು ಬಂದರೆ ನಷ್ಟ ತಯಾರಕನದು, ಎಚ್ಚರಿಕೆಯಿಲ್ಲದೆ ಕೆಟ್ಟರೆ ಕಳೆದ ಮಾಹಿತಿ ಬಳಸಿದವನದು. ಬ್ಯಾಕ್‌ಬ್ಲೇಜ್‌ನಂಥವರು ಗಡಿಯನ್ನು ಬದಿಗಿಟ್ಟು ಕಚ್ಚಾ ಅಂಕಿ ಸೊನ್ನೆ ಬಿಟ್ಟು ಏರಿತೇ ಎಂದು ನೋಡುವುದು ಇದಕ್ಕಾಗಿಯೇ.

ಇಷ್ಟೆಲ್ಲ ಆದಮೇಲೆ, ಅನುಮಾನವನ್ನು ಪ್ರಮಾಣವೆಂದು ಒಪ್ಪದ ಚಾರ್ವಾಕನ ವಾದಕ್ಕೆ ಬಲ ಬಂದಂತೆ ತೋರುತ್ತದೆ. ನೈಯಾಯಿಕ ಉದಯನನ ನ್ಯಾಯಕುಸುಮಾಂಜಲಿಯಲ್ಲಿ ಕಾಣುವ ಚಾರ್ವಾಕ, ಹೊಗೆ ಕಂಡವನು ಬೆಂಕಿಯತ್ತ ಹೋಗಲು ನಿಶ್ಚಯ ಬೇಕಿಲ್ಲ, ಸಂಭಾವನೆ ಸಾಕು ಎನ್ನುತ್ತಾನೆ. ಉದಯನ ಒಪ್ಪುವುದಿಲ್ಲ. ಬೇರೆ ಕಾಲದಲ್ಲಿ ವ್ಯಾಪ್ತಿ ತಪ್ಪೀತು ಎಂದು ಶಂಕಿಸುವವನಿಗೆ ಆ ಬೇರೆ ಕಾಲ ತಿಳಿದದ್ದಾದರೂ ಅನುಮಾನದಿಂದಲೇ. ಶಂಕೆಗೂ ಒಂದು ಎಲ್ಲೆಯಿದೆ, ಶಂಕಿಸುವವನ ನಡವಳಿಕೆಯೇ ಅವನ ಶಂಕೆಗೆ ವಿರುದ್ಧವಾಗುವ ಕಡೆ ಅದು ನಿಲ್ಲಬೇಕು. ಡಿಸ್ಕಿನ ಮಟ್ಟಿಗೆ ಚಾರ್ವಾಕನ ಮಾತೇ ಹೆಚ್ಚು ಹೊಂದುತ್ತದೆ. ನಾಲ್ಕರಲ್ಲಿ ಒಂದು ಸಲ ನಿಜವಾಗುವ ಎಚ್ಚರಿಕೆಯನ್ನು ನಂಬಿ ಡಿಸ್ಕು ಬದಲಿಸುವವನು ನಿಶ್ಚಯದಿಂದ ನಡೆಯುತ್ತಿಲ್ಲ, ಆದರೂ ಅವನ ನಡೆಯಲ್ಲಿ ಅವಿವೇಕವೇನೂ ಇಲ್ಲ. ಬದಲಿಸುವ ಖರ್ಚು ಕಳೆದುಕೊಳ್ಳುವ ಮಾಹಿತಿಯ ಮುಂದೆ ಸಣ್ಣದು.

ಆದರೆ ಡಿಸ್ಕಿನ ಬಗ್ಗೆ ಉದಯನನೂ ಬೌದ್ಧನೂ ಒಟ್ಟಾಗಿ ಒಪ್ಪುವ ಒಂದು ಅನುಮಾನವಿದೆ: ಮಾಡಲ್ಪಟ್ಟದ್ದು ಅಳಿಯುತ್ತದೆ, ಡಿಸ್ಕು ಮಾಡಲ್ಪಟ್ಟದ್ದು. ಇದಕ್ಕೆ ವ್ಯಭಿಚಾರವಿಲ್ಲ, ಇದರಲ್ಲಿ ದಿನಾಂಕವೂ ಇಲ್ಲ. ಸ್ಮಾರ್ಟ್ ಕೊಡುವುದು ಅರುವತ್ತು ದಿನದಂಥ ಅವಧಿಯನ್ನು, ನಿಶ್ಚಯವನ್ನಲ್ಲ. ಬ್ಯಾಕಪ್ ಎಂಬ ರೂಢಿ ನಿಂತಿರುವುದು ಮೊದಲನೆಯ ಅನುಮಾನದ ಮೇಲೆ. ಅದಕ್ಕೆ ಯಾವ ಲಕ್ಷಣವೂ ಬೇಕಿಲ್ಲ. ವರದಿಯೇ ಇಲ್ಲದ ಕಾಲದಲ್ಲೂ ಅದು ಸರಿಯಾಗಿತ್ತು. ಡಿಸ್ಕು ಬದಲಿಸುವ ನಿರ್ಧಾರ ಎರಡನೆಯದರ ಮೇಲೆ ನಿಂತಿದೆ. ಇವೆರಡನ್ನು ಬೆರೆಸಿ, ವರದಿ ಪಾಸ್ ಆಗಿದೆಯೆಂದು ಬ್ಯಾಕಪ್ ಮುಂದೂಡುವುದೇ ಬಳಕೆದಾರರಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾದ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಲ್ಲಿ ಈ ಪ್ರಮಾದ ಇನ್ನೂ ದುಬಾರಿ. ಅವು ಬರವಣಿಗೆಯ ಸವೆತವನ್ನು ಶೇಕಡಾವಾರು ಲೆಕ್ಕದಲ್ಲಿ ಅಚ್ಚುಕಟ್ಟಾಗಿ ತೋರಿಸುತ್ತವೆ, ಆದರೆ ಕಂಟ್ರೋಲರ್ ಚಿಪ್ ಕೈಕೊಟ್ಟರೆ ಇಡೀ ಡ್ರೈವ್ ಒಮ್ಮೆಲೇ ಮಾಯವಾಗಬಹುದು.

ಲಕ್ಷಣ ಕಂಡಾಗಿನ ಕ್ರಮವೂ ಈ ವಿಂಗಡಣೆಯಿಂದಲೇ ಗೊತ್ತಾಗುತ್ತದೆ. ಪೆಂಡಿಂಗ್ ಸೆಕ್ಟರು ಕಂಡ ಡಿಸ್ಕಿನ ಮೇಲೆ ಮೊದಲು ದೀರ್ಘ ಪರೀಕ್ಷೆ ನಡೆಸಿ ಖಚಿತ ಮಾಡಿಕೊಳ್ಳಲು ಹೊರಡುವವರಿದ್ದಾರೆ. ಆ ಪರೀಕ್ಷೆ ತಟ್ಟೆಯ ಉದ್ದಗಲವನ್ನೂ ಓದುತ್ತದೆ, ದೊಡ್ಡ ಡಿಸ್ಕಿನಲ್ಲಿ ಹಲವು ಗಂಟೆ ಹಿಡಿಯುತ್ತದೆ. ಹೆಡ್ ಸೋಲುತ್ತಿದ್ದರೆ ಉಳಿದಿರುವ ಓದಿನ ಬಲವೆಲ್ಲ ಅದಕ್ಕೇ ಖರ್ಚಾಗಬಹುದು. ಮೊದಲು ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಬೇಕು. ಆಮೇಲೆ ಆ ಜಾಗಗಳಿಗೆ ಮತ್ತೆ ಬರೆಯಿಸಿ, 197ರ ಅಂಕಿ ಸೊನ್ನೆಗೆ ಇಳಿದು 5ರ ಅಂಕಿ ಏರದೆ ಉಳಿಯಿತೇ, ಇಲ್ಲ ಏರಿತೇ ಎಂದು ನೋಡಬೇಕು. ಏರದಿದ್ದರೆ ತಟ್ಟೆ ಹಾಳಾಗಿರಲಿಲ್ಲ, ವಿದ್ಯುತ್ ಹೋದಾಗ ಅರ್ಧಕ್ಕೆ ನಿಂತ ಬರವಣಿಗೆಯಂಥ ಬೇರೆ ಕಾರಣವಿತ್ತು. ಏರಿ ನಿಂತರೆ ಡಿಸ್ಕನ್ನು ಮಹತ್ವವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ವಾರದಿಂದ ವಾರಕ್ಕೆ ಏರುತ್ತಲೇ ಹೋದರೆ ಕಳಚಿ ತೆಗೆಯಬೇಕು.